ಸೀದ ರೊಟ್ಟಿ ಮತ್ತು ಸಮುವೇಲಪ್ಪನ ಪ್ರಸಂಗ

ಇವತ್ತು ಮುಂಜಾನೆ ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತು ವಂದನಾರ್ಪಣೆ ಮಾಡಿದರು. ನನಗೆ ಮಾಡಿದರು ಎಂದು ತಿಳಿಯಬೇಡಿ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಯೋಗ ಕೂಡಿ ಬಂದಿಲ್ಲ. ಬರುವ ರವಿವಾರ ಇವರ ಹಳೆಯ ಮಾಸ್ತರರ ಕೂಟದಲ್ಲಿ ಕಾರ್ಯಕ್ರಮವಿದೆ. ಕೊನೆಗೆ ಎದ್ದು ನಿಂತು ಎಲ್ಲರನ್ನೂ ವಂದಿಸುವ ಕೆಲಸ ಇವರ ಪಾಲಿಗೆ ಬಂದಿದೆ. ಜನ್ಮವೆಲ್ಲ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ, ಎರಡು ನಿಮಿಷದ ಮಾತಿಗೆ ಮೂರು ದಿವಸದಿಂದ ತಯಾರಿ ನಡೆಸಿದ್ದಾರೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ಅಧ್ಯಕ್ಷರನ್ನು ವಂದಿಸಿ, ಶಾಮಿಯಾನದವರನ್ನು ವಂದಿಸಿ, ಮೈಕಿನವರ ಹತ್ತಿರ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

"ಅಯ್ಯ, ಸೀತು ನೋಡ್ರಿ" ಎಂದೆ.

ಇವರ ಮುಖ ಅರಳಿತು. "ಹೌದಾ? ಖರೇನ ಸೀತಾ? ಹಂಗಾರ ಚಲೋ ಆಗೇತಿ ಅಂದಂಗಾತು!" ಎಂದು ಕಾಗದ ಮಡಚಿ ಕಿಸೆಯಲ್ಲಿ ಇಟ್ಟುಕೊಂಡು ಹಿಗ್ಗಿನಿಂದ ಹೊರಗೆ ಹೋದರು.

ರೊಟ್ಟಿ ಸೀದರೆ ಹೆಂಡತಿಯ ಮೇಲೆ ರೇಗುವ ಗಂಡಂದಿರು ಓಣಿಗೆ ಹತ್ತು ಜನ ಸಿಗುತ್ತಾರೆ. ಸೀದದ್ದಕ್ಕೆ ಹಿಗ್ಗುವವರು ಇವರೊಬ್ಬರೇ ಇರಬೇಕು. ತಪ್ಪು ನನ್ನದೇ. ಮದುವೆಯಾದ ಹೊಸದರಲ್ಲಿ, ತವರಿನಿಂದ ತಂದದ್ದೆಂದು ತೋರಿಸಲು ಬೇರೆ ಬಂಗಾರ ಇರಲಿಲ್ಲವಾಗಿ, ಅವ್ವನ ಖಾನಾವಳಿಯ ಕಥೆಗಳನ್ನೇ ಇವರೆದುರು ಬಿಚ್ಚಿ ಹರವಿದ್ದೆ. ಅದರಲ್ಲಿ ಈ ಸೀದ ರೊಟ್ಟಿಯ ನೇಮವೂ ಒಂದು.

ನಮ್ಮ ಅವ್ವ ಬಸಲಿಂಗವ್ವ ಬೈಲಹೊಂಗಲದಲ್ಲಿ ಖಾನಾವಳಿ ನಡೆಸುತ್ತಿದ್ದಳು. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ಐದನೆಯ ಇಯತ್ತೆ. ಖಾನಾವಳಿ ಎಂದರೆ ದೊಡ್ಡದೇನಲ್ಲ. ಮುಂದಿನ ಪಡಸಾಲೆಯಲ್ಲಿ ಉದ್ದಕ್ಕೆ ಎರಡು ಸಾಲು ಮಣೆ, ಒಳಗೆ ಅಡುಗೆಮನೆ, ಹಿತ್ತಲಲ್ಲಿ ಒಂದು ಎಮ್ಮೆ. ಹತ್ತಿ ಪೇಟೆಗೆ ಬಂದವರು, ಕಚೇರಿಯ ಕಾರಕೂನರು, ರಾತ್ರಿ ವಸ್ತಿಯ ಬಸ್ಸಿನವರು ಉಣ್ಣಲು ಬರುತ್ತಿದ್ದರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹಿಟ್ಟು, ಬಾಯಲ್ಲಿ ಖಡಕ್ ಮಾತು. ಇಂಥ ಅವ್ವನ ಕೈಯೂಟಕ್ಕೆ ಆ ವರ್ಷ ಮೂವರು ಹೊಸ ಗಿರಾಕಿಗಳು ಗಂಟುಬಿದ್ದರು. ಮೂವರೂ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು, ಮೂವರೂ ಕ್ರಿಸ್ತನ ಮಾತು ಸಾರಲು ಹೊರಟವರು, ಆದರೆ ಮೂವರದೂ ಮೂರು ಪಂಗಡ.

ಒಬ್ಬ ಸಮುವೇಲಪ್ಪ. ಸವದತ್ತಿ ತಾಲೂಕಿನ ಹೂಲಿಯವನು, ಒಕ್ಕಲು ಮನೆಯ ಮಗ. ಹಳೆಯ ಮಿಶನ್ ಚರ್ಚಿನವರು ಅವನನ್ನು ಬೋಧಕನನ್ನಾಗಿ ಮಾಡಲು ತರಬೇತಿಗೆ ಇಟ್ಟುಕೊಂಡಿದ್ದರು. ಯಾರದೋ ದೇಹಕ್ಕೆ ಹೊಲಿದ ಕರಿ ಕೋಟು, ಬಗಲಲ್ಲಿ ಒಂದು ವಹಿ, ಬರೆಯುವ ಪುಸ್ತಕ. ವಹಿಯಲ್ಲಿ ಪ್ರಸಂಗ. ಅವರಲ್ಲಿ ಚರ್ಚಿನಲ್ಲಿ ಹೇಳುವ ಬೋಧನೆಗೆ ಪ್ರಸಂಗ ಎನ್ನುತ್ತಾರೆ. ಅದಕ್ಕೆ ಮೂರು ಭಾಗ, ಪ್ರತಿ ಭಾಗಕ್ಕೆ ಮೂರು ಉಪಭಾಗ, ಉಪಭಾಗಗಳ ಕೆಳಗೆ ಕೆಂಪು ಶಾಯಿಯ ಗೆರೆ.

ಇನ್ನೊಬ್ಬ ಇಗ್ನೇಷಿಯಸ್, ಕ್ಯಾಥೋಲಿಕ್ ಪಾದ್ರಿಯಾಗಲು ಓದುತ್ತಿದ್ದವನು, ಖಾನಾಪುರದ ಕಡೆಯವನು. ಅವನನ್ನು ಎಲ್ಲರೂ ಬ್ರದರ್ ಎನ್ನುತ್ತಿದ್ದರು. ಅವ್ವ ಮಾತ್ರ ಇಗ್ನಾಸಿ ಎಂದು ಕರೆದು ಮುಗಿಸಿದಳು. ಬಿಳಿ ನಿಲುವಂಗಿ ಮೇಲೆತ್ತಿ ಕಟ್ಟಿ ಓಣಿಯ ಹುಡುಗರ ಜೋಡಿ ಚೆಂಡು ಒದೆಯುತ್ತಿದ್ದ. ಅವನ ಪ್ರಸಂಗ ಎಂಟು ನಿಮಿಷ. ಒಂಬತ್ತನೆಯ ನಿಮಿಷಕ್ಕೆ ದೇವರಿಗೂ ಬ್ಯಾಸರ ಬರುತ್ತದೆ ಎನ್ನುವುದು ಅವನ ನಂಬಿಕೆ.

ಮೂರನೆಯವನು ಗಿಡಿಯೋನ, ರಾಮದುರ್ಗದ ನೇಕಾರರ ಹುಡುಗ. ಮೊದಲು ಅವನೂ ಮಿಶನ್ ಚರ್ಚಿನವನೇ. ರಾಮದುರ್ಗದ ಬಯಲಲ್ಲಿ ಡೇರೆ ಹಾಕಿ ಮೂರು ದಿವಸ ಸಭೆ ನಡೆದಾಗ ಅವನಿಗೆ ಭಕ್ತಿಯ ಬೆಂಕಿ ಹತ್ತಿತಂತೆ. ಪೆಂಟೆಕೋಸ್ಟಿನವರ ಕೂಡ ಹೋದ. ಅವರು ಮಲಪ್ರಭೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸುವಾಗ ಅವನ ಒಂದು ಕಾಲಿನ ಚಪ್ಪಲಿ ಹೊಳೆಯಲ್ಲಿ ತೇಲಿ ಹೋಯಿತು. ಲೋಕವನ್ನು ಬಿಟ್ಟದ್ದಕ್ಕೆ ಅದೇ ಗುರುತು ಎಂದು ಅವನು ಇನ್ನೊಂದನ್ನೂ ಎಸೆದು ಬರಿಗಾಲಲ್ಲೇ ಅಡ್ಡಾಡುತ್ತಿದ್ದ. ಅವ್ವ ಹೇಳಿದಳು: "ಲೋಕಾ ಬಿಟ್ಟಿ, ಒಪ್ಪಿದೆ. ಲೋಕದಾಗಿನ ಮುಳ್ಳು ನಿನ್ನ ಬಿಟ್ಟಾವೇನು?" ಮರುದಿನ ನಮ್ಮ ಅಪ್ಪನ ಹಳೆಯ ಚಪ್ಪಲಿ ಹಾಕಿಸಿಯೇ ಕಳಿಸಿದಳು.

ಮೂವರ ಪಂಥದ ಭೇದ ನನಗೆ ತಿಳಿದದ್ದು ತಾಟಿನ ಮುಂದೆ. ಬಡಿಸಿದ ಕೂಡಲೇ ಇಗ್ನಾಸಿ ಹಣೆ, ಎದೆ, ಎರಡು ಭುಜ ಮುಟ್ಟಿಕೊಂಡು ಆ ಕೈಯಿಂದಲೇ ತುತ್ತು ಮುರಿಯುತ್ತಿದ್ದ. ಸಮುವೇಲಪ್ಪನದು ಮಧ್ಯಮ; ಪಲ್ಲೆಯ ಹಬೆ ಆರುವಷ್ಟು ಹೊತ್ತು. ಗಿಡಿಯೋನ ಕಣ್ಣು ಮುಚ್ಚಿದನೆಂದರೆ ಬೈಲಹೊಂಗಲದಿಂದ ಹಿಡಿದು ಇಡೀ ಭೂಮಂಡಲದ ರೋಗಿಗಳು, ಅನಾಥರು, ಪ್ರಯಾಣಿಕರು ಎಲ್ಲರಿಗೂ ಬೇಡಿಕೊಂಡು ತಿರುಗಿ ತಾಟಿಗೆ ಬರುವಷ್ಟರಲ್ಲಿ ಇಗ್ನಾಸಿ ಅವನ ಝುಣಕದಲ್ಲಿ ಅರ್ಧ ತೆಗೆದಿರುತ್ತಿದ್ದ. ಅವ್ವ ಇದಕ್ಕೊಂದು ಹಂಚಿಕೆ ಮಾಡಿಕೊಂಡಳು. ಗಿಡಿಯೋನ ಕಣ್ಣು ಮುಚ್ಚಿದಾಗ ಹಿಟ್ಟು ನಾದಲು ತೆಗೆದುಕೊಳ್ಳುವುದು, "ಆಮೆನ್" ಎಂದಾಗ ಹಂಚಿನ ಮೇಲಿಂದ ಬಿಸಿ ರೊಟ್ಟಿ ನೇರ ಅವನ ತಾಟಿಗೆ. ಒಂದು ದಿವಸವೂ ಆ ಲೆಕ್ಕ ತಪ್ಪಲಿಲ್ಲ.

ಮೂವರಲ್ಲಿ ಇಬ್ಬರದು ಹೇಗೋ ನಡೆದಿತ್ತು. ಪೇಚಾಟವಿದ್ದದ್ದು ಸಮುವೇಲಪ್ಪನದು. ಅವನ ಚರ್ಚಿನ ನಿಯಮದ ಪ್ರಕಾರ ಹಿರಿಯರ ಸಭೆಯ ಮುಂದೆ ಪರೀಕ್ಷೆಯ ಪ್ರಸಂಗ ಮಾಡಿ ಗೆದ್ದರೆ ಮಾತ್ರ ಬೋಧಕ. ಮೂರು ಸಲ ಅವಕಾಶ. ಎರಡು ಸಲ ಅವನು ಬಿದ್ದಿದ್ದ. ಮೊದಲನೆಯದು ಸವದತ್ತಿಯಲ್ಲಿ. ಒಂಬತ್ತೂ ಉಪಭಾಗ ಹೇಳಿ ಮುಗಿಸಿ ತಲೆ ಎತ್ತಿ ನೋಡಿದರೆ ದೊಡ್ಡ ಪಾದ್ರಿಗಳು ಗದ್ದಕ್ಕೆ ಕೈ ಕೊಟ್ಟು ನಿದ್ದೆ ಹೋಗಿದ್ದರು. ಎರಡನೆಯದು ರಾಮದುರ್ಗದಲ್ಲಿ. ಬಾಜೂ ಮನೆಯಲ್ಲಿ ಮಗ್ಗ ನಡೆದಿತ್ತು. ಇವನ ದನಿ ಏಳಲೇ ಇಲ್ಲ. ಹಿರಿಯರೊಬ್ಬರು ಹೊರಗೆ ಬಂದು, "ಮಗ್ಗದ ಪ್ರಸಂಗ ಚಲೋ ಇತ್ತಪಾ. ನಿಂದು ಕೇಳಲಿಲ್ಲ" ಎಂದರಂತೆ.

ಇನ್ನು ಉಳಿದದ್ದು ಒಂದೇ. ಅದೂ ಬಿದ್ದರೆ ಊರಿಗೆ ಹೋಗಿ ಅಣ್ಣನ ಹಿಂದೆ ಕುಂಟೆ ಹೊಡೆಯಬೇಕು. ಕುಂಟೆಗೆ ಅವನೇನು ಅಂಜುತ್ತಿರಲಿಲ್ಲ. ಅಂಜಿಕೆ ಇದ್ದದ್ದು ತಾಯಿಯದು. ಅಣ್ಣನ ನಂತರ ಹೆತ್ತ ಮೂರು ಕೂಸು ಹೋಗಿ ನಾಲ್ಕನೆಯದಾಗಿ ಇವನು ಉಳಿದಾಗ, ಇದು ನಿನ್ನದೇ ಎಂದು ಅವಳು ದೇವರಿಗೆ ಒಪ್ಪಿಸಿಬಿಟ್ಟಿದ್ದಳು. ಹೂಲಿಯ ತುಂಬ ಹೇಳಿಕೊಂಡೂ ಬಂದಿದ್ದಳು. "ನಾ ತಿರುಗಿ ಹ್ವಾದ್ರ, ದೇವರು ಬ್ಯಾಡಂತ ಹೊಳ್ಳಿ ಕಳಿಸಿದಂಗ ಆಗತೈತ್ರಿ ಅವ್ವಾರ" ಎಂದು ಒಂದು ದಿವಸ ಅವನು ತಾಟಿನ ಮುಂದೆ ಕೂತು ಹೇಳಿದಾಗ ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆ ತಾಯಿ ಪ್ರತಿ ಮಂಗಳವಾರ ಬಸ್ಸಿನವರ ಕೈಯಲ್ಲಿ ಮಗನಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಳಿಸುತ್ತಿದ್ದಳು. ಖಾನಾವಳಿಯಲ್ಲಿ ಉಣ್ಣುವವನಿಗೆ ಮನೆಯಿಂದ ಬುತ್ತಿ! ಮೊದಲು ಅವ್ವನಿಗೆ ಸಿಟ್ಟು ಬಂತು. "ಯಾಕ, ನನ್ನ ರೊಟ್ಟಿ ಹೊಟ್ಟಿ ತುಂಬೂದಿಲ್ಲೇನು?" ಎಂದಳು. ಗಂಟು ಬಿಚ್ಚಿ, ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು, ಮುರಿದು ಬಾಯಿಗೆ ಹಾಕಿಕೊಂಡು ನೋಡಿದಳು. ಬಹಳ ಹೊತ್ತು ಅಗಿದು, "ಕೈ ಐತಿ ಆಕಿಗೆ" ಎಂದಳು. ಅವ್ವನ ಬಾಯಿಂದ ಇನ್ನೊಬ್ಬ ಹೆಂಗಸಿನ ರೊಟ್ಟಿಗೆ ಹೊಗಳಿಕೆ ಬಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಪ್ರಸಂಗದ ತಾಲೀಮನ್ನು ಸಮುವೇಲಪ್ಪ ಮೊದಲು ನಮ್ಮ ಹಿತ್ತಲಲ್ಲಿ ಎಮ್ಮೆಯ ಮುಂದೆ ನಡೆಸಿದ್ದ. ನಾಲ್ಕು ದಿವಸವಾದ ಮೇಲೆ ಅವ್ವ ಕರೆದಳು.

"ಏ ತಮ್ಮಾ, ಎಮ್ಮಿ ಹಾಲು ಕಡಿಮಿ ಮಾಡೇತಿ. ಅದರ ಮುಂದ ಬ್ಯಾಡ, ಇಲ್ಲಿ ಬಂದು ಹೇಳು."

"ನಿಮಗ ಕೆಲಸ ಇರತೈತಲ್ರಿ ಅವ್ವಾರ."

"ನನ್ನ ಕೈಗೆ ಕೆಲಸ. ಕಿವಿಗೇನೈತಿ?"

ಹೀಗೆ ನಮ್ಮ ಅಡುಗೆಮನೆಯ ಹೊಸ್ತಿಲು ಮೂರು ಪಂಗಡದ ವೇದಿಕೆಯಾಯಿತು. ಸಂಜೆ ನಾಲ್ಕಕ್ಕೆ ಅವ್ವ ರಾತ್ರಿಯ ರೊಟ್ಟಿಗೆ ಕೂಡುತ್ತಿದ್ದಳು. ಸಮುವೇಲಪ್ಪ ಹೊಸ್ತಿಲಲ್ಲಿ ನಿಂತು ವಹಿ ತೆರೆಯುತ್ತಿದ್ದ. ಒಂದು ದಿವಸ ಗಿಡಿಯೋನ, "ಸರಿ, ನಾ ತೋರಸ್ತೇನಿ" ಎಂದು ಅವನನ್ನು ಸರಿಸಿ ನಿಂತ. ಏರು ದನಿಯಲ್ಲಿ ಶುರು ಮಾಡಿ, ನರಕದ ವರ್ಣನೆಗೆ ಬಂದಾಗ ಬಾಗಿಲಿಗೆ ಗುದ್ದಿದ. ಅವ್ವ ಬೆಚ್ಚಿ ಹಿಟ್ಟಿನ ಬುಟ್ಟಿ ಉರುಳಿಸಿದಳು; ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

"ನೋಡಿದ್ರ್ಯಾ! ಮಾತು ಹೊಕ್ಕೈತಿ!" ಎಂದು ಗಿಡಿಯೋನ ಕುಣಿದ.

"ಮಾತಲ್ಲೋ, ಅಂಜಿಕಿ ಹೊಕ್ಕೈತಿ" ಎಂದಳು ಅವ್ವ. "ಇದು ಬೆದರಿ ಸೀದ ರೊಟ್ಟಿ. ಹಲ್ಲಿ ಮೈಮ್ಯಾಲೆ ಬಿದ್ದರೂ ಹಿಂಗ ಸೀತೈತಿ. ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ."

ನೇಮ ಹುಟ್ಟಿದ್ದು ಹೀಗೆ. ಅವ್ವನ ಶಾಸ್ತ್ರದಲ್ಲಿ ರೊಟ್ಟಿ ಸೀಯುವುದರಲ್ಲಿ ಮೂರು ತರಹ. ಒಂದು ಬೆದರಿ ಸೀದದ್ದು. ಎರಡನೆಯದು ತೂಕಡಿಸಿ ಸೀದದ್ದು. ಅದರಿಂದ ಹೇಳುವವನಿಗೆ ಮಾನವಿಲ್ಲ. ಮೂರನೆಯದು ಕೇಳುತ್ತ ಕೇಳುತ್ತ ಸೀದದ್ದು. ಕೈ ನಿಂತದ್ದು ಕೈಗೇ ಗೊತ್ತಾಗಬಾರದು. ಮೂಗಿಗೆ ವಾಸನೆ ಬಂದ ಮೇಲೆಯೇ ಎಚ್ಚರಾಗಬೇಕು. ಅದು ಖರೆ ಪ್ರಸಂಗ.

ಇಗ್ನಾಸಿ ಬಂದು ನಿಂತು ಎಂಟು ನಿಮಿಷದಲ್ಲಿ ಒಂದು ನಗೆಯ ಮಾತು, ಒಂದು ಕಣ್ಣೀರಿನ ಮಾತು ಹೇಳಿ ಒಂದು ರೊಟ್ಟಿಯ ಅಂಚು ಕೆಂಪಗೆ ಮಾಡಿದ. ಅವ್ವ ಅರ್ಧ ರೊಟ್ಟಿ ಎಂದು ತೀರ್ಪು ಕೊಟ್ಟಳು. ಅವನು ಆ ಅಂಚನ್ನು ಮುರಿದು ತಿಂದು, ತನ್ನ ಪದಕ ತಾನೇ ನುಂಗಿದೆ ಎಂದು ನಕ್ಕ.

ಸಮುವೇಲಪ್ಪನ ಪ್ರಸಂಗಕ್ಕೆ ಒಂದೂ ಸೀಯಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ಸೀಯುವುದು ಹೋಗಲಿ, ಅವನು ಓದುತ್ತಿದ್ದರೆ ರೊಟ್ಟಿಗಳು ಪೌರ್ಣಿಮೆಯ ಚಂದ್ರನಂತೆ ದುಂಡಗೆ, ಒಂದೂ ಕಲೆ ಇಲ್ಲದೆ ಉಬ್ಬಿ ಬರುತ್ತಿದ್ದವು. ಅವ್ವ ಒಳ್ಳೆಯ ಮನಸ್ಸಿನಿಂದಲೇ ಒಂದು ದಿವಸ ಅಂದುಬಿಟ್ಟಳು: "ತಮ್ಮಾ, ನೀ ಓದುಮುಂದ ನನ್ನ ರೊಟ್ಟಿ ಭಾಳ ಚಲೋ ಬರತಾವ ನೋಡು. ಕೈಗೆ ಒಂದು ನಮೂನಿ ಸಮಾಧಾನ." ಅವನು ವಹಿ ಮುಚ್ಚಿ ಎಮ್ಮೆಯ ಹತ್ತಿರ ಹೋಗಿ ನಿಂತ.

ಇಲ್ಲಿ ನನ್ನದೂ ಒಂದು ಮಾತು ಹೇಳಬೇಕು. ಆ ದಿನಗಳಲ್ಲಿ ನಾನೂ ಪ್ರಸಂಗ ಮಾಡುತ್ತಿದ್ದೆ. ಒಳಕಲ್ಲಿನ ಮೇಲೆ ನಿಂತು, ಅಪ್ಪನ ಕರಿ ಕೊಡೆಯನ್ನು ಕೋಟಿನಂತೆ ಹೆಗಲಿಗೆ ಹಾಕಿ, ಓಣಿಯ ಮಕ್ಕಳಿಗೆ ಮೂರು ಪಂಗಡದಲ್ಲೂ ಬೋಧಿಸುತ್ತಿದ್ದೆ. ಗಿಡಿಯೋನನ ನರಕವನ್ನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಪಕ್ಕದ ಮನೆಯ ಸಣ್ಣ ಹುಡುಗಿ ಅಳುತ್ತ ಹೋಗಿ ಜ್ವರ ಬಂದು ಮಲಗಿತು. ಅದರ ತಾಯಿ ಜಗಳಕ್ಕೆ ಬಂದಳು. ಅವ್ವ ನನ್ನ ಕಿವಿ ಹಿಂಡಿ ಕೆಳಗಿಳಿಸಿದಳು. ನನ್ನ ದೈವಕರೆ ಅಲ್ಲಿಗೆ ಮುಗಿಯಿತು.

ಸಮುವೇಲಪ್ಪ ಆರಿಸಿಕೊಂಡಿದ್ದ ಕಥೆ ಮನೆ ಬಿಟ್ಟು ಹೋದ ಮಗನದು. ತಂದೆಯ ಆಸ್ತಿಯಲ್ಲಿ ಪಾಲು ಇಸಿದುಕೊಂಡು ದೂರ ದೇಶಕ್ಕೆ ಹೋಗಿ, ಎಲ್ಲ ಹಾಳು ಮಾಡಿ, ಹಸಿದು ತಿರುಗಿ ಬರುತ್ತಾನಲ್ಲ, ಆ ಕಥೆ. ತಂದೆ ಓಡಿ ಬಂದು ತಬ್ಬಿಕೊಂಡು ಕೊಬ್ಬಿದ ಕರುವನ್ನು ಕೊಯ್ಯಿಸುತ್ತಾನೆ ಎಂಬಲ್ಲಿಗೆ ಬಂದಾಗ ಅವ್ವ ಕೈಯೆತ್ತಿದಳು.

"ನಿಲ್ಲು. ಕರಾ ಕೊಯ್ದ್ರು?"

"ಹೌದ್ರಿ, ಗ್ರಂಥದಾಗ ಹಂಗ ಐತ್ರಿ."

"ನಿಮ್ಮ ಗ್ರಂಥದಾಗ ಇರಲಿ. ನನ್ನ ಅಡಗಿಮನ್ಯಾಗ ಆ ಮಾತು ಬ್ಯಾಡ. ಹೋಳಿಗಿ ಮಾಡಿಸಿದರು ಅನ್ನು."

ಗಿಡಿಯೋನ, "ವಚನಾ ತಿದ್ದಬಾರ್ದ್ರಿ ಅವ್ವಾರ!" ಎಂದು ಹೌಹಾರಿದ. ಇಗ್ನಾಸಿ, "ಹೋಳಿಗಿಗೆ ತುಪ್ಪಾ ಹಾಕಿದ್ರೋ ಹಾಲೋ, ಅದನ್ನೂ ಬರಕೊ" ಎಂದ. ಸಮುವೇಲಪ್ಪ ಬಡಪಾಯಿ. ಉಣ್ಣಿಸುವ ಕೈಗೆ ಎದುರಾಡಲಿಲ್ಲ. ಅಂದಿನಿಂದ ನಮ್ಮ ಹೊಸ್ತಿಲಲ್ಲಿ ಆ ಮಗ ತಿರುಗಿ ಬಂದಾಗಲೆಲ್ಲ ಹೋಳಿಗೆಯ ಊಟ.

ಅವ್ವ ಇನ್ನೂ ಒಂದು ಕೇಳಿದಳು. "ಇಷ್ಟು ದಿವಸಾತು ಕೇಳಾಕತ್ತೇನಿ. ಅಪ್ಪ ಅದಾನ, ಹಿರೇಮಗ ಅದಾನ, ಆಳು ಅದಾವ. ಆ ಮನ್ಯಾಗ ಅವ್ವ ಎಲ್ಲಿದ್ದಳು?"

ಸಮುವೇಲಪ್ಪ ವಹಿಯ ಹಾಳೆ ತಿರುವಿದ. ಹಿಂದಕ್ಕೂ ತಿರುವಿದ. ಗಿಡಿಯೋನನ ಮುಖ ನೋಡಿದ. ಇಗ್ನಾಸಿ ಮೊದಲ ಸಲ ನಗದೆ ಕೂತ. "ಅದು ಬರದಿಲ್ರಿ ಅವ್ವಾರ" ಎಂದ ಸಮುವೇಲಪ್ಪ. "ಕೇಳಕೊಂಡು ಬಾ" ಎಂದು ಅವ್ವ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಮೂರನೆಯ ಪರೀಕ್ಷೆ ಕಿತ್ತೂರಿನಲ್ಲಿ ಎಂದು ಗೊತ್ತಾಯಿತು. ಹಿರಿಯರೆಲ್ಲ ಕೂಡುವ ದಿವಸ. ಅಂದಿನ ಊಟಕ್ಕೆ ಗೊತ್ತುಮಾಡಿದ್ದ ಅಡುಗೆಯವಳಿಗೆ ಕಾಯಿಲೆಯಾಗಿ, ಸಮುವೇಲಪ್ಪನೇ ಅವ್ವನ ಹೆಸರು ಹೇಳಿದ. ಆ ರವಿವಾರ ಅಪ್ಪನ ಮೇಲೆ ಖಾನಾವಳಿ ಬಿಟ್ಟು ನಾವು ಮೊದಲ ಬಸ್ಸಿಗೆ ಹೊರಟೆವು. ಅವ್ವನ ಬಗಲಲ್ಲಿ ಹಂಚು, ನನ್ನ ತಲೆಯ ಮೇಲೆ ಬುಟ್ಟಿ, ಗಿಡಿಯೋನನ ಹೆಗಲ ಮೇಲೆ ಜೋಳದ ಹಿಟ್ಟಿನ ಚೀಲ, ಇಗ್ನಾಸಿಯ ಕೈಯಲ್ಲಿ ಪಲ್ಲೆಯ ಗಂಟು. ನಡುವೆ ಕರಿ ಕೋಟಿನಲ್ಲಿ ಬೆವರುತ್ತ ಸಮುವೇಲಪ್ಪ. ಕಂಡಕ್ಟರ್ ನಮ್ಮ ಸಾಮಾನು ನೋಡಿ, "ಯಾರ ಮದುವಿರಿ ಅಕ್ಕಾರ?" ಎಂದ.

"ಮದುವಿ ಅಲ್ಲಪಾ, ಪರೀಕ್ಷಾ" ಎಂದಳು ಅವ್ವ.

"ಹಂಚು ಯಾಕ್ರಿ ಮತ್ತ?"

"ಹಂಚಿಲ್ಲದ ಪರೀಕ್ಷಾ ಆಗೂದಿಲ್ಲ."

ಕಿತ್ತೂರಿನ ಚರ್ಚು ಹಂಚಿನ ಮಾಡಿನ ಸಣ್ಣ ಕಟ್ಟಡ. ಹಿಂದೆ ಬೇವಿನ ಗಿಡದ ಬುಡದಲ್ಲಿ ಕಲ್ಲಿನ ಒಲೆ ಹೂಡಿದರು. ಒಲೆಯ ನೇರಕ್ಕೆ ಚರ್ಚಿನ ಒಂದು ಕಿಟಕಿ. ಒಳಗೆ ಹಾಡು ಮುಗಿಯಿತು. ಮಂದಿ ಕೂತ ಸಪ್ಪಳವಾಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಒಂದು ಕಲ್ಲಿನ ಮೇಲೆ ಹತ್ತಿ ಕಿಟಕಿಯ ಸರಳು ಹಿಡಿದು ಒಳಗೆ ನೋಡಿದೆ. ಮುಂದಿನ ಸಾಲಿನಲ್ಲಿ ಹಿರಿಯರು. ನಡುವೆ ದೊಡ್ಡ ಪಾದ್ರಿಗಳು ಆಗಲೇ ಗದ್ದಕ್ಕೆ ಕೈ ಕೊಟ್ಟಿದ್ದರು. ಸಮುವೇಲಪ್ಪ ಎದ್ದ. ಮೇಜಿನ ಮೇಲೆ ಗ್ರಂಥವಿಟ್ಟ. ಕೋಟಿನ ಒಳಕಿಸೆಗೆ ಕೈ ಹಾಕಿದ. ಹೊರಕಿಸೆಗೆ ಹಾಕಿದ. ಬಗಲು ಮುಟ್ಟಿಕೊಂಡ. ವಹಿ ಇರಲಿಲ್ಲ.

ಅದೇ ಹೊತ್ತಿಗೆ ನನ್ನ ಹಿಂದೆ ಅವ್ವ ಹಿಟ್ಟಿಗೆಂದು ಚೀಲಕ್ಕೆ ಕೈ ಹಾಕಿ ವಹಿಯನ್ನು ಹೊರಗೆ ತೆಗೆದಳು.

ಗಿಡಿಯೋನ ಎದುರಿಗೇ ನಿಂತಿದ್ದ. ಮುಖದಲ್ಲಿ ರಕ್ತ ಇರಲಿಲ್ಲ. "ನಾನ ಇಟ್ಟೇನ್ರಿ ಅವ್ವಾರ. ಬಸ್ಸಿನ್ಯಾಗ. ವಹಿ ಇರೂತನಕ ಅಂವಗ ಪವಿತ್ರಾತ್ಮ ಮಾತಾಡಸೂದಿಲ್ಲಂತ..." ಎಂದು ತೊದಲಿದ.

"ಖೋಡಿ!" ಎಂದು ಇಗ್ನಾಸಿ ನಿಲುವಂಗಿ ಮೇಲೆ ಕಟ್ಟಿದ, ಚೆಂಡಿಗೆ ಕಟ್ಟುವಂತೆ. "ಕೊಡ್ರಿ ಇತ್ತ, ಕಿಟಕ್ಯಾಗ ಒಗಿತೇನಿ."

ಅವ್ವ ಕೊಡಲಿಲ್ಲ. ವಹಿಯ ಮೇಲಿನ ಹಿಟ್ಟು ಒರೆಸಿದಳು. ತೂಗಿ ನೋಡುವಂತೆ ಕೈಯಲ್ಲಿ ಹಿಡಿದಳು. "ಇದನ್ನ ಕೇಳಿ ಮೂರು ತಿಂಗಳಾತು. ಒಂದು ರೊಟ್ಟಿನೂ ಸೀದಿಲ್ಲ" ಎಂದು ಹೇಳಿ, ತಾನು ಕೂತ ಮಣೆಯ ಕೆಳಗೆ ಅದನ್ನು ಸೇರಿಸಿ ಮೇಲೆ ಗಟ್ಟಿಯಾಗಿ ಕೂತಳು. "ಸುವ್ವಿ, ನೀ ಒಳಗ ನೋಡು. ಏನ್ಮಾಡಾಕತ್ತಾನ ಹೇಳು."

ನಾನು ತಿರುಗಿ ಕಿಟಕಿಗೆ ಮುಖ ಕೊಟ್ಟೆ. ಒಳಗೆ ಸಮುವೇಲಪ್ಪ ಬಾಯಿ ತೆರೆದ. "ಒಬ್ಬ ಮನುಷ್ಯನಿಗೆ ಇಬ್ಬರು ಮಕ್ಕಳಿದ್ದರು" ಎಂದ. ಅಷ್ಟೇ. ಮುಂದೆ ದನಿ ಇಲ್ಲ. ಹಿರಿಯರೊಬ್ಬರು ಕೆಮ್ಮಿದರು. ಇಡೀ ಚರ್ಚಿನಲ್ಲಿ ನನ್ನ ಹಿಂದಿನಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿರಲಿಲ್ಲ. ಟಪ್ ಟಪ್, ಟಪ್ ಟಪ್. ಅವನ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತು.

"ನಿಂತಾನವ್ವಾ. ಬರೇ ನಿಂತಾನ" ಎಂದೆ.

ಬಡಿಯುವ ಸಪ್ಪಳ ನಿಂತಿತು.

ಸ್ವಲ್ಪ ಹೊತ್ತಿಗೆ ವಾಸನೆ ಬಂತು. ನನ್ನ ಹೆಗಲ ಮೇಲಿಂದ ಹಾದು, ಸರಳುಗಳ ನಡುವೆ ತೂರಿ ಒಳಗೆ ಹೋಯಿತು. ಜೋಳದ ರೊಟ್ಟಿ ಸೀದ ವಾಸನೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹಿರಿಯರು ಮೂಗೇರಿಸಿದರು. ದೊಡ್ಡ ಪಾದ್ರಿಗಳ ಕೈ ಗದ್ದದಿಂದ ಜಾರಿತು. ಸಮುವೇಲಪ್ಪ ತಲೆ ಎತ್ತಿ ಕಿಟಕಿಯ ಕಡೆ ನೋಡಿದ. ಅವನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಯಾರೋ ಅವನನ್ನು ಹೆಸರು ಹಿಡಿದು ಕರೆದಂತೆ ಇತ್ತು.

ಅವನು ಮೇಜು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ನನಗೊಬ್ಬಾಕಿ ತಾಯಿ ಒಂದು ಪ್ರಶ್ನೆ ಕೇಳ್ಯಾಳ್ರಿ" ಎಂದ. ವಹಿಯ ಭಾಷೆಯೇ ಅಲ್ಲ, ಹೂಲಿಯ ಭಾಷೆ. "ಈ ಕಥಿಯೊಳಗ ಅಪ್ಪ ಅದಾನ, ಅಣ್ಣ ಅದಾನ. ಅವ್ವ ಎಲ್ಲಿದ್ದಳು? ನಾ ಭಾಳ ದಿವಸ ಹುಡುಕಿದೆ. ಗ್ರಂಥದಾಗ ಸಿಗಲಿಲ್ಲ. ಈಗ ಗೊತ್ತಾತ್ರಿ. ಆಕಿ ಒಳಗ ಒಲಿ ಮುಂದ ಇದ್ದಳು. ಮಗ ಹೋದ ದಿವಸದಿಂದ ದಿನಾ ಒಂದು ರೊಟ್ಟಿ ಹೆಚ್ಚಿಗೆ ಬಡೀತಿದ್ದಳು. ಗಂಡ ಕೇಳಿದ್ರ ಆಳಿಗೆ ಅಂತಿದ್ದಳು. ಆಳು ಕೇಳಿದ್ರ ನಾಯಿಗೆ ಅಂತಿದ್ದಳು. ಅಪ್ಪ ಹಾದಿಗೆ ಓಡಿ ಹೋದ, ಅದನ್ನ ಎಲ್ಲಾರೂ ನೋಡಿದ್ರು, ಬರಕೊಂಡ್ರು. ಆಕಿ ಓಡಲಿಲ್ಲ. ಹಂಚಿನ ಮ್ಯಾಲೆ ರೊಟ್ಟಿ ಇತ್ತಲ್ರಿ..."

ಹೀಗೆ ಹೇಳುತ್ತ ಹೋದ. ಭಾಗವಿಲ್ಲ, ಉಪಭಾಗವಿಲ್ಲ. ಮಂಗಳವಾರದ ಬಸ್ಸು ಬಂತು, ಅರಿವೆಯ ಗಂಟು ಬಂತು. ಮೂರು ಕೂಸು ಮಣ್ಣಿಗೆ ಕೊಟ್ಟು ನಾಲ್ಕನೆಯದನ್ನು ದೇವರಿಗೆ ಕೊಟ್ಟವಳು ಬಂದಳು. ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು. ದೊಡ್ಡ ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ. ಅವ್ವನ ಕೈಯಲ್ಲಿ ಹಿಟ್ಟಿನ ಉಂಡೆ ಹಾಗೇ ಇತ್ತು. ಹಂಚಿನಿಂದ ಹೊಗೆ ಏಳುತ್ತಿತ್ತು. ಗಿಡಿಯೋನ ಗಿಡಕ್ಕೆ ಆತು ಅಳುತ್ತಿದ್ದ. ಇಗ್ನಾಸಿ ಗಡಿಯಾರ ನೋಡುವುದನ್ನೇ ಮರೆತಿದ್ದ.

ಎಲ್ಲ ಸರಿಯಾಗಿ ನಡೆದಿತ್ತು. ಕೊನೆಗೆ ತಂದೆಯ ಸಂತೋಷಕ್ಕೆ ಬಂದ. "ಆವಾಗ ಅಪ್ಪ ಆಳು ಕರದು ಹೇಳಿದ, ಲಗೂನ ಬ್ಯಾಳಿ ಹಾಕ್ರಿ, ಹೋಳಿಗಿ ಮಾಡ್ರಿ, ನನ್ನ ಮಗ ತಿರುಗಿ ಬಂದಾನ!"

ಚರ್ಚಿನಲ್ಲಿ ಯಾರೋ ಮುಸಿ ಮುಸಿ ನಕ್ಕರು. ಆಮೇಲೆ ಎಲ್ಲರೂ. ಸಮುವೇಲಪ್ಪನಿಗೆ ತಾನು ಏನು ಹೇಳಿದೆ ಎಂದೇ ತಿಳಿಯಲಿಲ್ಲ. ಅಂತೂ "ಆಮೆನ್" ಎಂದು ಕೂತುಬಿಟ್ಟ.

ಹಿರಿಯರು ಒಳಗೇ ಉಳಿದು ಮಾತಾಡಿದರು. ನಾನು ಕಿಟಕಿ ಬಿಡಲಿಲ್ಲ. ಒಬ್ಬರು ಖಡಾಖಂಡಿತ ಹೇಳಿದರು: "ಗ್ರಂಥದಾಗ ಹೋಳಿಗಿ ಎಲ್ಲಿ ಐತ್ರಿ? ಮೂರು ಭಾಗ ಇಲ್ಲ, ಏನಿಲ್ಲ. ಇದು ಪ್ರಸಂಗನ ಅಲ್ಲ." ಮಗ್ಗದ ಪ್ರಸಂಗ ಹೊಗಳಿದ್ದ ಹಿರಿಯರು ದೊಡ್ಡ ಪಾದ್ರಿಗಳ ಕಡೆ ನೋಡಿ ಮೆಲ್ಲಗೆ, "ಆದರ ಅಯ್ಯಾರ, ಇವತ್ತ ಯಾರೂ ಮಲಗಲಿಲ್ಲ" ಎಂದರು. ದೊಡ್ಡ ಪಾದ್ರಿಗಳು ಕನ್ನಡಕ ಹಾಕಿಕೊಂಡರು. "ಹುಡುಗನ್ನ ತಗೋರಿ. ಹೋಳಿಗಿ ಮಾತ್ರ ಇನ್ನೊಮ್ಮಿ ಬ್ಯಾಡಂತ ಹೇಳ್ರಿ" ಎಂದರು.

ಊಟಕ್ಕೆ ಕೂತಾಗ ಅದೇ ದೊಡ್ಡ ಪಾದ್ರಿಗಳ ತಾಟಿಗೆ ಒಂದು ಕರಕಲು ರೊಟ್ಟಿ ಬಂತು. "ಅಕ್ಕಾರ, ನಿಮ್ಮ ಕೈಗುಣಾ ಭಾಳ ಕೇಳಿದ್ದೆ. ರೊಟ್ಟಿ ಸೀದಾವಲ್ಲರಿ" ಎಂದರು.

"ನನ್ನ ಕಡೆ ತಪ್ಪಿಲ್ರಿ. ನಿಮ್ಮ ಹುಡುಗನ್ನ ಕೇಳ್ರಿ" ಎಂದು ಅವ್ವ ಝುಣಕ ಬಡಿಸಿ ಮುಂದೆ ಹೋದಳು.

ಅಂದು ಸೀದ ರೊಟ್ಟಿ ಒಟ್ಟು ನಾಲ್ಕು. ಸಮುವೇಲಪ್ಪ ಒಂದನ್ನು ಅರಿವೆಯಲ್ಲಿ ಕಟ್ಟಿ ಮರುದಿನವೇ ಹೂಲಿಗೆ ಒಯ್ದ. ಅವನ ತಾಯಿ ಅದನ್ನು ನೋಡಿ, "ಪಾಪ, ಹೊಂಗಲದಾಕಿಗೆ ಒಲಿ ಹದಾ ತಿಳಿಯೂದಿಲ್ಲ ಕಾಣತೈತಿ" ಎಂದಳಂತೆ. ಈ ಮಾತು ಅವ್ವನ ಕಿವಿಗೆ ಬೀಳದಂತೆ ನಾವೆಲ್ಲ ವರ್ಷಗಟ್ಟಲೆ ಕಾಯಬೇಕಾಯಿತು.

ಮುಂದೆ ಇಗ್ನಾಸಿ ಪಾದ್ರಿಯಾಗಿ ದೂರದ ಊರಿಗೆ ಹೋದ. ಅಲ್ಲಿ ಶಾಲೆಯ ಹುಡುಗರಿಗೆ ಚೆಂಡಾಟ ಕಲಿಸಿ ಮೊಣಕಾಲು ಮುರಿದುಕೊಂಡ. ಗಿಡಿಯೋನ ಬರಬರುತ್ತ ತಣ್ಣಗಾಗಿ ತಿರುಗಿ ಮಿಶನ್ ಚರ್ಚಿಗೇ ಬಂದ. ಈಗ ವಹಿಯಲ್ಲಿ ಮೂರು ಭಾಗ ಬರೆದುಕೊಂಡೇ ಮಾತಾಡುತ್ತಾನಂತೆ, ಕೆಂಪು ಶಾಯಿಯ ಗೆರೆಯ ಸಹಿತ. ಸಮುವೇಲಪ್ಪ ಮಾತ್ರ ಅಂದಿನಿಂದ ವಹಿ ಮುಟ್ಟಲಿಲ್ಲ. ಸವದತ್ತಿಯ ಸುತ್ತಲಿನ ಹಳ್ಳಿಗಳಲ್ಲಿ ಅವನ ಪ್ರಸಂಗವೆಂದರೆ ಹೆಂಗಸರು ಅಡುಗೆ ಮುಗಿಸಿಯೇ ಬರುತ್ತಿದ್ದರಂತೆ.

ವರ್ಷಕ್ಕೊಮ್ಮೆ ಅವನು ಅವ್ವನನ್ನು ನೋಡಲು ಬರುತ್ತಿದ್ದ. ಅವ್ವನಿಗೆ ಕಣ್ಣು ಮಂಜಾಗಿ ತವರಿಗೆ ಹೋದಾಗ ರೊಟ್ಟಿ ಬಡಿಯುವ ಕೆಲಸ ನನಗೆ ಬಂದ ಮೇಲಿನ ಒಂದು ಸಲದ ಮಾತು. ಅವನ ತಲೆಯೂ ಬೆಳ್ಳಗಾಗಿತ್ತು. ಉಂಡು, ಎಲೆ ಅಡಿಕೆ ಹಾಕಿಕೊಂಡು, ಎಂದಿನಂತೆ ಕಿತ್ತೂರಿನ ಕಥೆ ತೆಗೆದ.

"ಮಂದಿಗೆ ದೇವರು ದನಿ ಕೊಟ್ಟು ಕರೀತಾನಂತ್ರಿ ಅವ್ವಾರ. ನನಗ ವಾಸನಿ ಕೊಟ್ಟು ಕರದ. ನಾ ಹೇಳಿದ್ದು ಬರೇ ಒಂದು ಸಾಲು. ಒಂದ ಸಾಲಿಗೆ ನಿಮ್ಮ ಕೈ ನಿಂತು ರೊಟ್ಟಿ ಸೀತು. ಆವಾಗ ಗೊತ್ತಾತು, ನಾ ಬ್ಯಾಡಾದಂವ ಅಲ್ಲ ಅಂತ."

ಅವನು ಬಸ್ಸಿಗೆ ಹೋದ ಮೇಲೆ ಅವ್ವ ನನ್ನ ಕಡೆ ಮುಖ ಮಾಡಿದಳು.

"ಸುವ್ವಿ, ಒಂದ ಸಾಲಿಗೆ ಎಲ್ಲೆರ ರೊಟ್ಟಿ ಸೀತೈತೇನ?"

"ಮತ್ತ ಸೀತಲ್ಲವ್ವ. ನಾನ ಇದ್ನಲ್ಲ."

"ನೀ ಕಿಟಕ್ಯಾಗ ನೋಡತಿದ್ದಿ. ನಾ ಕೈ ಕಟಗೊಂಡು ಅದು ಸೀಯೂದನ್ನ ನೋಡಕೋತ ಕುಂತಿದ್ದೆ. ಭಾಳ ಹೊತ್ತು ಹಿಡೀತು. ಒಲಿ ಉರಿ ಬ್ಯಾರೆ ಸಣ್ಣದಿತ್ತು." ತಡೆದು ಹೇಳಿದಳು: "ಮೊದಲನೇದು ನಾ ಸುಟ್ಟದ್ದು. ಉಳದ ಮೂರು ಅವನ್ವು. ಅಂವನ ಮುಂದ ಹೇಳಬ್ಯಾಡ."

ಹೇಳಲಿಲ್ಲ. ಅವ್ವ ಹೋಗಿಯೂ ಬಹಳ ವರ್ಷವಾಯಿತು. ಈಗ ಬರೆಯುತ್ತಿದ್ದೇನೆ, ಸಮುವೇಲಪ್ಪನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ ಎನ್ನುವ ಧೈರ್ಯದ ಮೇಲೆ.

ಹೀಗೆ ಅವ್ವನ ಶಾಸ್ತ್ರದಲ್ಲಿ ಸೀಯುವುದಕ್ಕೆ ನಾಲ್ಕನೆಯ ತರಹವೊಂದಿತ್ತು. ಅದನ್ನು ನಾನು ನಮ್ಮವರಿಗೆ ಹೇಳಿಲ್ಲ. ಮದುವೆಯಾದ ಹೊಸದರಲ್ಲಿ ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳುವುದು ಜಾಣತನವಲ್ಲ ಎನ್ನಿಸಿತು. ಈಗ ಇದನ್ನು ಬರೆಯುತ್ತ ಕೂತಿರುವಾಗ ಇವರು ಮತ್ತೆ ಬಾಗಿಲಿಗೆ ಬಂದು ನಿಂತಿದ್ದಾರೆ. ಕೈಯಲ್ಲಿ ಕಾಗದ.

"ಏನ, ಮೈಕಿನವರ ತನಕ ಆಗಿತ್ತು. ಮುಂದಿಂದು ಹೇಳ್ಲಿ?"

"ಹೇಳ್ರಿ" ಎಂದು ನಾನು ಎದ್ದು ಹಂಚು ಇಟ್ಟೆ. ಉರಿ ಸ್ವಲ್ಪ ದೊಡ್ಡದು ಮಾಡಿದೆ.